ಅರಾರಾತ್ ಬಯಲಿನ ಬದನೆಕಾಯಿ

ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ, ಕಾಕಸಸ್ ಪರ್ವತಶ್ರೇಣಿಯ ದಕ್ಷಿಣಕ್ಕೆ ಆರ್ಮೇನಿಯ ಎಂಬ ಪುಟ್ಟ ರಾಷ್ಟ್ರವಿದೆ. ಅದರ ವಿಸ್ತೀರ್ಣ ಮೂವತ್ತು ಸಾವಿರ ಚದರ ಕಿಲೋಮೀಟರಿಗಿಂತ ತುಸು ಕಡಿಮೆ. ಕರ್ನಾಟಕದ ಆರರಲ್ಲೊಂದು ಪಾಲೂ ಆಗದು. ಜನಸಂಖ್ಯೆ ಸುಮಾರು 30 ಲಕ್ಷ. ಇಷ್ಟು ಚಿಕ್ಕ ನಾಡಾದರೂ ಕ್ರಿ.ಶ. 5ನೆಯ ಶತಮಾನದ ಆರಂಭದಿಂದ ತನ್ನದೇ ಆದ ಲಿಪಿಯನ್ನು ಕಾಪಾಡಿಕೊಂಡು ಬಂದಿದೆ. ಅದರ ರಾಜಧಾನಿ ಯೆರೆವಾನ್ ನಗರದಲ್ಲಿ ಇಂದು ಭಾರತದ ಅನೇಕ ವಿದ್ಯಾರ್ಥಿಗಳು ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದಾರೆ. ನಮ್ಮ ಮಗಳೂ ಅವರಲ್ಲೊಬ್ಬಳು. ಆಕೆಯ ಕಾರಣದಿಂದಲೇ 2024ರ ಸೆಪ್ಟೆಂಬರ್ ತಿಂಗಳಲ್ಲಿ ನಾವು ದಂಪತಿಗಳು ಆ ನಾಡನ್ನು ಕಾಣುವ ಯೋಗ ಒದಗಿತು.

ಹೊರಡುವ ಮುನ್ನ ಬಂಧುಬಾಂಧವರೆಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ನಿಮಗೆ ಊಟಕ್ಕೇನು ಗತಿ? ಪ್ರಶ್ನೆ ಅಸಂಗತವಲ್ಲ. ಆರ್ಮೇನಿಯರ ಹಬ್ಬದ ಊಟವೆಂದರೆ ಕೆಂಡದ ಮೇಲೆ ಸುಟ್ಟ ಮಾಂಸ. ಅದಕ್ಕೆ ಖೊರೊವಾತ್ಸ್ ಎಂದು ಹೆಸರು. ಮಗಳನ್ನು ಅಲ್ಲಿಗೆ ಕಳಿಸುವಾಗ ಮನೆಯ ಹಿರಿಯರ ಮನಸ್ಸಿನಲ್ಲಿ ಇದ್ದ ಅಳುಕೂ ಇದೇ. ಆರು ವರ್ಷಗಳ ಓದು. ಕಲಿತು ಬರುವಳು ನಿಜ, ಆದರೆ ಮನೆಯ ನೇಮವನ್ನು ಉಳಿಸಿಕೊಂಡು ಬರುವಳೇ? ಬಾಯಿಬಿಟ್ಟು ಯಾರೂ ಆಡದಿದ್ದರೂ ಅದು ಎಲ್ಲರ ಎದೆಯಲ್ಲಿತ್ತು. ನಮ್ಮ ಎದೆಯಲ್ಲಿಯೂ ಇತ್ತು.

ಅಲ್ಲಿ ತಲುಪಿದ ಮೇಲೆ ತಿಳಿದುಬಂದ ಸಂಗತಿ ಬೇರೆ. ಆರ್ಮೇನಿಯದ ಪುರಾತನ ಚರ್ಚ್ ತನ್ನ ಅನುಯಾಯಿಗಳಿಗೆ ಕಠಿಣವಾದ ಉಪವಾಸಗಳನ್ನು ವಿಧಿಸಿದೆ. ಈಸ್ಟರ್ ಹಬ್ಬಕ್ಕೆ ಮೊದಲಿನ ದೀರ್ಘ ವ್ರತಕಾಲದಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ಬೆಣ್ಣೆಗಳೂ ವರ್ಜ್ಯ. ಇಂದು ಎಲ್ಲರೂ ಪಾಲಿಸುತ್ತಾರೆಂದಲ್ಲ. ಆದರೆ ಅದಕ್ಕೆ ತಕ್ಕ ಅಡುಗೆ ಪ್ರತಿಯೊಂದು ಮನೆಯ ಹಿರಿಯ ಹೆಂಗಸಿಗೂ ಗೊತ್ತು. ಈ ವ್ರತಕ್ಕೆ ಜನರ ಮಾತಿನಲ್ಲಿ ‘ಪಾಸ್’ ಎನ್ನುತ್ತಾರೆ. ನಮ್ಮ ಮಗಳು ಮೊದಲ ವರ್ಷದಲ್ಲಿಯೇ ಈ ಶಬ್ದವನ್ನು ಹಿಡಿದಿದ್ದಳು. “ಅವ್ವಾ, ಶಾಕಾಹಾರಿ ಅಂದ್ರ ಇಲ್ಲೆ ಕೋಳಿ ತಂದು ಇಡ್ತಾರ, ಪಾಸ್ ಅಂದ್ರ ಯಾರೂ ಎರಡನೇ ಮಾತು ಆಡೂದಿಲ್ಲ” ಎಂದು ನಕ್ಕಳು. ಸಸ್ಯಾಹಾರವೆಂಬುದು ಅಲ್ಲಿನ ಹಳಬರಿಗೆ ಅರ್ಥವಾಗದ ವಿಚಿತ್ರ. ವ್ರತವೆಂಬುದು ಗೌರವದ ವಿಷಯ. ನಮ್ಮ ಓದುಗರ ಮಕ್ಕಳಾರಾದರೂ ಆ ದಿಕ್ಕಿಗೆ ಹೊರಟಿದ್ದರೆ ಈ ಒಂದು ಶಬ್ದವನ್ನು ಕಲಿಸಿ ಕಳುಹಿಸಿರಿ.

ಮಗಳು ವಾಸವಾಗಿರುವ ಕೋಣೆಯ ಒಡತಿ ಎಪ್ಪತ್ತು ದಾಟಿದ ವೃದ್ಧೆ. ಆಕೆಯ ಸ್ವಂತ ಮನೆ ಎಚ್ಮಿಯಾಡ್ಜಿನ್ ಪಟ್ಟಣದ ಸಮೀಪದ ಹಳ್ಳಿಯಲ್ಲಿದೆ. ಅದು ಅರಾರಾತ್ ಬಯಲು. ದಕ್ಷಿಣ ದಿಗಂತದಲ್ಲಿ 5,137 ಮೀಟರ್ ಎತ್ತರದ ಅರಾರಾತ್ ಪರ್ವತ ಹಿಮಕಿರೀಟ ಧರಿಸಿ ನಿಂತಿರುತ್ತದೆ. ಆರ್ಮೇನಿಯರ ಹೃದಯದಲ್ಲಿ ನೆಲೆಸಿರುವ ಆ ಪರ್ವತ ಇಂದಿನ ಗಡಿರೇಖೆಯ ಪ್ರಕಾರ ತುರ್ಕಿ ದೇಶಕ್ಕೆ ಸೇರಿದೆ. ಅವರು ಅದನ್ನು ದಿನವೂ ನೋಡುತ್ತಾರೆ, ಆದರೆ ಗಡಿ ಮುಚ್ಚಿದೆ. ಬಯಲಿನ ತುಂಬ ದ್ರಾಕ್ಷಿ, ಏಪ್ರಿಕಾಟ್, ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿ, ಬದನೆಕಾಯಿ. ಆ ವೃದ್ಧೆಯನ್ನು ಮಗಳು ‘ತಾತಿಕ್’ ಎನ್ನುತ್ತಾಳೆ; ಅಜ್ಜಿ ಎಂದರ್ಥ. ತಾತಿಕ್ ನಮ್ಮನ್ನು ಒಂದು ಶನಿವಾರ ಹಳ್ಳಿಗೆ ಕರೆದೊಯ್ದರು. ಅಂಗಳಕ್ಕೆ ಕಾಲಿಟ್ಟಾಗ ಕಂಡದ್ದು ಬದನೆಕಾಯಿಯ ರಾಶಿ. ಒಂದೊಂದೂ ಗೇಣುದ್ದ, ಕಪ್ಪಿಗೆ ತಿರುಗಿದ ನೇರಳೆ ಬಣ್ಣ.

ಬದನೆಕಾಯಿಗೆ ಅವರ ಭಾಷೆಯಲ್ಲಿ ‘ಬದ್ರಿಜಾನ್’ ಎಂದು ಹೆಸರು. ಕೇಳಿದೊಡನೆ ಕಿವಿ ನಿಮಿರಿತು. ಸಂಸ್ಕೃತದ ವಾತಿಂಗಣ ಪಾರಸಿಯಲ್ಲಿ ಬಾದಿಂಗಾನ್ ಆಗಿ, ಅರಬ್ಬಿಯಲ್ಲಿ ಬಾದಿಂಜಾನ್ ಆಗಿ, ಅಲ್ಲಿಂದ ಪೋರ್ಚುಗೀಸರ ಬಾಯಿಗೆ ಬಿದ್ದು, ಅವರು ತಿರುಗಿ ಭಾರತಕ್ಕೆ ತಂದಾಗ ಇಂಗ್ಲಿಷಿನ ಬ್ರಿಂಜಾಲ್ ಆಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬದ್ರಿಜಾನ್ ಕೂಡ ಅದೇ ಬಳ್ಳಿಯ ಕುಡಿ. ಕಾಯಿಯ ಮೂಲನೆಲೆ ನಮ್ಮ ದಕ್ಷಿಣ ಏಷ್ಯ. ನಮ್ಮ ಹೊಲದಂಚಿನ ಮುಳಗಾಯಿ ಪಾರಸಿಕರ ನಾಡನ್ನು ದಾಟಿ ಈ ಹಿಮಪರ್ವತದ ಬುಡಕ್ಕೆ ಬಂದು, ಇಲ್ಲಿನ ಅಜ್ಜಿಯರ ಕೈಯಲ್ಲಿ ಬೇರೆಯೇ ವೇಷ ತೊಟ್ಟಿದೆ.

ಅಂದಿನ ಮಧ್ಯಾಹ್ನದ ಊಟಕ್ಕೆ ಕೆಂಡ ಸಿದ್ಧವಾಗುತ್ತಿತ್ತು. ಒಣಗಿದ ದ್ರಾಕ್ಷಿಬಳ್ಳಿಯ ತುಂಡುಗಳನ್ನು ಉರಿಸಿ, ಜ್ವಾಲೆ ಅಡಗಿದ ಮೇಲೆ ಚಪ್ಪಟೆಯಾದ ಕಬ್ಬಿಣದ ಸಲಾಕೆಗಳನ್ನು ಮೇಲೆ ಇಡುತ್ತಾರೆ. ಆ ಮನೆಯಲ್ಲಿ ಮೊದಲು ತರಕಾರಿ, ಮಾಂಸ ಅನಂತರ. ತಾತಿಕ್ ನಮಗಾಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ಸಲಾಕೆಗಳನ್ನೇ ತೊಳೆದಿಟ್ಟಿದ್ದರು. “ಮಗು ಹೇಳಿದ್ದಾಳೆ, ನಿಮ್ಮದು ಬದುಕೆಲ್ಲ ಪಾಸ್ ಎಂದು” ಎಂದರು. ಮಗಳು ಕನ್ನಡಕ್ಕೆ ತಿರುಗಿಸಿ ಹೇಳುವಾಗ ಆಕೆಯ ಧ್ವನಿ ತುಸು ಭಾರವಾಯಿತು. ನಾವು ಏನನ್ನೂ ಕೇಳುವ ಅಗತ್ಯ ಉಳಿಯಲಿಲ್ಲ.

ಸುಡುವ ಕ್ರಮ ಹೀಗೆ. ಕಾಯಿಯನ್ನು ಸೀಳದೆ, ಸಿಡಿಯದಂತೆ ಅಲ್ಲಲ್ಲಿ ಚುಚ್ಚಿ, ಸಲಾಕೆಗೆ ಪೋಣಿಸಿ, ಸಿಪ್ಪೆ ಎಲ್ಲ ಕಡೆಯೂ ಕರಿದಾಗಿ ಕಾಯಿ ಕುಸಿಯುವವರೆಗೆ ತಿರುಗಿಸುತ್ತಿರಬೇಕು. ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿಗಳನ್ನೂ ಹಾಗೆಯೇ. ಆಮೇಲೆ ಎಲ್ಲವನ್ನೂ ಪಾತ್ರೆಯಲ್ಲಿ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಸಿಪ್ಪೆ ತಾನಾಗಿ ಬಿಡುತ್ತದೆ. ಸುಲಿಯುವಾಗ ನೀರಿನಲ್ಲಿ ತೊಳೆಯಬಾರದು; ತೊಳೆದರೆ ಹೊಗೆಯ ಪರಿಮಳ ಹೋಯಿತು. ಸೋರುವ ಕಹಿರಸವನ್ನು ಮಾತ್ರ ಬಸಿದು ಬಿಡಬೇಕು. ಬಳಿಕ ಚಾಕುವಿನಿಂದ ಒರಟಾಗಿ ಹೆಚ್ಚಿ, ಹಸಿ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ‘ರೆಹಾನ್’ ಎಂಬ ನೇರಳೆ ಬಣ್ಣದ ಸೊಪ್ಪು, ಉಪ್ಪು, ಒಂದಿಷ್ಟು ಎಣ್ಣೆ. ರೆಹಾನ್ ನಮ್ಮ ಕಾಮಕಸ್ತೂರಿಯ ಜಾತಿಯದು. ಒಗ್ಗರಣೆಯಿಲ್ಲ, ಖಾರವಿಲ್ಲ, ಮಸಾಲೆಯ ಸುಳಿವಿಲ್ಲ. ನಮ್ಮ ನಾಲಿಗೆ ಮೊದಲ ತುತ್ತಿಗೆ ಏನೋ ಕೊರತೆಯೆಂದು ಹುಡುಕಿತು. ಮೂರನೆಯ ತುತ್ತಿಗೆ ಸುಮ್ಮನಾಯಿತು. ಇದನ್ನು ಅವರು ಲವಾಶ್ ಎಂಬ ತೆಳುವಾದ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಾರೆ. ನೆಲದಲ್ಲಿ ಹೂತ ಮಣ್ಣಿನ ಒಲೆಯ ಒಳಗೋಡೆಗೆ ಬಡಿದು ಬೇಯಿಸುವ ಈ ರೊಟ್ಟಿಯನ್ನು 2014ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಒಣಗಿಸಿ ತಿಂಗಳುಗಟ್ಟಲೆ ಇಟ್ಟು, ಬೇಕಾದಾಗ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುವುದನ್ನು ಕಂಡಾಗ ನಮ್ಮ ಕಟಕ ರೊಟ್ಟಿಯ ನೆನಪಾಗದಿರಲಿಲ್ಲ.

ನಮ್ಮ ಗೃಹಿಣಿಯರು ಇದನ್ನು ಮನೆಯಲ್ಲಿ ಮಾಡಬಯಸಿದರೆ ಭರ್ತಕ್ಕೆ ಬಳಸುವ ದಪ್ಪ ಬದನೆಯೇ ಸರಿ; ಎಣ್ಣೆಗಾಯಿಯ ಚಿಕ್ಕ ಮುಳಗಾಯಿ ಇದಕ್ಕಾಗದು. ಗ್ಯಾಸಿನ ಉರಿಯಲ್ಲಿಯೂ ಆಗುತ್ತದೆ, ಆದರೆ ಇದ್ದಿಲಿನ ರುಚಿಯೇ ಬೇರೆ.

ಇನ್ನೊಂದು ಬಗೆ ಹಬ್ಬದ ಮೇಜಿಗೆ ಸಲ್ಲುವಂಥದು. ಕಾಯಿಯನ್ನು ಉದ್ದಕ್ಕೆ ತೆಳುವಾಗಿ ಸೀಳಿ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಹಿಂಡಿ, ಸೂರ್ಯಕಾಂತಿ ಎಣ್ಣೆಯಲ್ಲಿ ಕರಿಯುತ್ತಾರೆ. ಅಕ್ರೋಟು, ಬೆಳ್ಳುಳ್ಳಿ, ಕೊತ್ತಂಬರಿಗಳನ್ನು ಅರೆದು, ತುಸು ವಿನೆಗರ್ ಬೆರೆಸಿ, ಅದನ್ನು ಹೋಳಿಗೆ ಹಚ್ಚಿ ಸುರುಳಿ ಸುತ್ತಿ, ಮೇಲೆ ದಾಳಿಂಬೆಯ ಕಾಳು ಉದುರಿಸುತ್ತಾರೆ. ನಿಜ ಹೇಳಬೇಕೆಂದರೆ ಇದು ನೆರೆಯ ಜಾರ್ಜಿಯದ ತಿನಿಸು, ತಾತಿಕ್ ಕೂಡ ಒಪ್ಪಿಕೊಂಡರು, ಆದರೆ “ಬದನೆಕಾಯಿಗೆ ಗಡಿ ಎಲ್ಲಿದೆ?” ಎಂದು ಕೇಳಿದರು. ಅಕ್ರೋಟಿಗೆ ಬದಲಾಗಿ ಶೇಂಗಾ ಹಾಕಿದರಾಯಿತೆಂದು ಕೆಲವರು ಹೇಳಬಹುದು. ನಮಗೆ ಅದು ಸರಿಬೀಳಲಿಲ್ಲ. ಶೇಂಗಾ ಹಾಕಿದೊಡನೆ ಅದು ನಮ್ಮೂರಿನ ಪಲ್ಯವಾಗುತ್ತದೆ.

ತುಂಬುಗಾಯಿಯ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದದ್ದು. ಎಲೆಯಲ್ಲಿ ಸುತ್ತಿದ್ದಾಗಲಿ, ಕಾಯಿಯೊಳಗೆ ತುಂಬಿದ್ದಾಗಲಿ, ಅವರಲ್ಲಿ ಅದೆಲ್ಲ ‘ಟೋಲ್ಮಾ’. ಬದನೆ, ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿ ಮೂರನ್ನೂ ತುಂಬಿ ಒಂದೇ ಪಾತ್ರೆಯಲ್ಲಿ ಬೇಯಿಸುವುದಕ್ಕೆ ಎಚ್ಮಿಯಾಡ್ಜಿನ್ ಟೋಲ್ಮಾ ಎಂದೇ ಹೆಸರು. ಅದರ ಹೂರಣ ಮಾಂಸದ್ದು, ನಮಗೆ ಸಲ್ಲದು. ಆದರೆ 1915ರ ನರಮೇಧದಲ್ಲಿ ಬದುಕುಳಿದು ಅಲೆಪ್ಪೊ, ಬೈರೂತ್ ನಗರಗಳಲ್ಲಿ ನೆಲೆಯೂರಿದ ಪಶ್ಚಿಮ ಆರ್ಮೇನಿಯರಲ್ಲಿ ಅಕ್ಕಿಯ ಹೂರಣದ ಒಂದು ಬಗೆಯುಂಟು. ಸಿರಿಯದಲ್ಲಿ 2011ರಲ್ಲಿ ಕಲಹ ಆರಂಭವಾದ ಬಳಿಕ ಆ ಸಂತತಿಯವರು ಅನೇಕರು ಯೆರೆವಾನಿಗೆ ಬಂದು ನೆಲೆಸಿದರು. ಅವರೊಡನೆ ಅವರ ಅಡುಗೆಯೂ ಬಂದಿತು. ಈ ಬಗೆಗೆ ತುರ್ಕಿ ಮಾತಿನಲ್ಲಿ ‘ಯಲಾಂಜಿ’ ಎನ್ನುತ್ತಾರೆ, ಎಂದರೆ ಸುಳ್ಳುಗಾರ. ಮಾಂಸವಿಲ್ಲದೆಯೂ ಇದ್ದಂತೆ ನಟಿಸುತ್ತದೆಯಂತೆ! ನಮ್ಮ ದೃಷ್ಟಿಯಲ್ಲಿ ಆ ಮೇಜಿನ ಮೇಲೆ ಸತ್ಯವಂತನೆಂದರೆ ಅವನೊಬ್ಬನೇ.

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಧಾರಾಳವಾದ ಆಲಿವ್ ಎಣ್ಣೆಯಲ್ಲಿ ಅವಸರವಿಲ್ಲದೆ ಬಾಡಿಸಬೇಕು. ತೊಳೆದ ಅಕ್ಕಿ, ಟೊಮ್ಯಾಟೊ, ಒಣ ಪುದೀನ, ಮೆಣಸಿನ ಪುಡಿ, ಉಪ್ಪು, ನಿಂಬೆರಸ ಸೇರಿಸಿ ಇಳಿಸಬೇಕು. ಬದನೆಯ ತೊಟ್ಟು ತೆಗೆದು, ಒಳಗಿನ ತಿರುಳನ್ನು ತೋಡಿ, ಗೋಡೆ ಮಾತ್ರ ಉಳಿಸಿ, ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಅಕ್ಕಿ ಅರಳಲು ಎಡೆ ಬೇಕಷ್ಟೆ. ಪಾತ್ರೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಅರ್ಧ ಮುಳುಗುವಷ್ಟು ನೀರು ಹಾಕಿ, ಮೇಲೊಂದು ತಟ್ಟೆ ಕವುಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಬೇಕು. ಬಿಸಿಯಾಗಿ ತಿನ್ನುವ ಪದ್ಧತಿಯಿಲ್ಲ. ಪೂರ್ತಿ ಆರಿದ ಮೇಲೆಯೇ ರುಚಿ.

ಊಟದ ಬಳಿಕ ಕಾಫಿಯೊಡನೆ ಒಂದು ಚಿಕ್ಕ ಬಟ್ಟಲಿನಲ್ಲಿ ಕಪ್ಪುರತ್ನದಂತೆ ಹೊಳೆಯುವ ಏನೋ ಬಂದಿತು. ಮುರಬ್ಬ. ಬಾಯಲ್ಲಿಟ್ಟು ಖರ್ಜೂರವೆಂದೆವು, ಅಂಜೂರವೆಂದೆವು. ಅದು ಹೆಬ್ಬೆರಳ ಗಾತ್ರದ ಎಳೆಯ ಬದನೆಕಾಯಿ! ಸಿಪ್ಪೆ ಹೆರೆದು, ಸುಣ್ಣದ ತಿಳಿನೀರಿನಲ್ಲಿ ಕೆಲವು ಗಂಟೆ ನೆನೆಯಿಟ್ಟು, ಹತ್ತಾರು ಸಲ ತೊಳೆದು, ಸಕ್ಕರೆ ಪಾಕದಲ್ಲಿ ಕುದಿಸಿ ಆರಿಸಿ, ಮರುದಿನ ಮತ್ತೆ ಕುದಿಸಿ, ಏಲಕ್ಕಿ ಲವಂಗ ಹಾಕಿ ಮಾಡುತ್ತಾರೆ. ಸುಣ್ಣದ ನೀರಿನಿಂದ ಕಾಯಿ ಕರಗದೆ ಗಟ್ಟಿಯಾಗಿ ನಿಲ್ಲುತ್ತದೆ. ಉತ್ತರ ಹಿಂದೂಸ್ಥಾನದಲ್ಲಿ ಬೂದುಗುಂಬಳದ ಪೇಠಾ ಮಾಡುವವರೂ ಇದೇ ಉಪಾಯವನ್ನು ಬಲ್ಲರು.

ಅಂಗಳದ ರಾಶಿಯೆಲ್ಲ ಆ ದಿನದ ಊಟಕ್ಕಲ್ಲ, ಚಳಿಗಾಲಕ್ಕೆ. ನೆಲಮಾಳಿಗೆಯ ಹಲಗೆಗಳ ಮೇಲೆ ಗಾಜಿನ ಭರಣಿಗಳು ಸಾಲುಸಾಲಾಗಿ ನಿಂತಿದ್ದವು. ಇಷ್ಟೆಲ್ಲ ಯಾಕೆ, ಈಗ ಅಂಗಡಿಯಲ್ಲಿ ವರ್ಷವಿಡೀ ಎಲ್ಲ ದೊರೆಯುವುದಲ್ಲವೇ ಎಂದು ನಮ್ಮ ಮನೆಯವರು ಕೇಳಿದರು. ತಾತಿಕ್ ತಡೆದು ಉತ್ತರ ಕೊಟ್ಟರು. 1988ರ ಡಿಸೆಂಬರಿನಲ್ಲಿ ಸ್ಪಿತಾಕ್ ಭೂಕಂಪ ಸುಮಾರು 25,000 ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಅಣುವಿದ್ಯುತ್ ಸ್ಥಾವರವನ್ನು ಮುಚ್ಚಿದರು. 1991ರಲ್ಲಿ ಸ್ವಾತಂತ್ರ್ಯ ಬಂದಿತು, ಜೊತೆಗೆ ಯುದ್ಧವೂ ದಿಗ್ಬಂಧನವೂ ಬಂದವು. 1995ರಲ್ಲಿ ಸ್ಥಾವರ ಮತ್ತೆ ಆರಂಭವಾಗುವವರೆಗೆ ದಿನಕ್ಕೆ ಒಂದೆರಡು ಗಂಟೆ ವಿದ್ಯುತ್ತು. ಹಿಮ ಬೀಳುವ ರಾತ್ರಿಗಳಲ್ಲಿ ಮೇಣದ ಬತ್ತಿ, ಸರತಿಯಲ್ಲಿ ನಿಂತು ತಂದ ರೊಟ್ಟಿ, ಮತ್ತು ಭರಣಿಯ ಬದನೆಕಾಯಿ. “ಆ ಭರಣಿಗಳು ನನ್ನ ಮೂವರು ಮಕ್ಕಳನ್ನು ಸಾಕಿದವು. ಅಂಗಡಿಯನ್ನು ನಂಬು ಎಂದು ಈಗ ನನಗೆ ಹೇಳಬೇಡಿ” ಎಂದರು.

ಇಲ್ಲೊಂದು ಎಚ್ಚರಿಕೆ ಹೇಳುವುದು ಅವಶ್ಯ. ಗಾಳಿಯಾಡದಂತೆ ಮುಚ್ಚಿಟ್ಟ, ಹುಳಿ ಕಡಿಮೆಯಿರುವ ತರಕಾರಿಯಲ್ಲಿ ಬೊಟುಲಿಸಂ ಎಂಬ ಕಾಯಿಲೆ ತರುವ ಮಾರಕ ವಿಷ ಹುಟ್ಟಬಲ್ಲದು. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಅದು ತಿಳಿಯದಿರಬಹುದು. ಆದುದರಿಂದ ಅನುಭವವಿಲ್ಲದವರು ಭರಣಿ ತುಂಬುವ ಸಾಹಸಕ್ಕೆ ಕೈಹಾಕದೆ, ಮಾಡಿದ್ದನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸುವುದು ಲೇಸು.

ಆ ಮನೆಯ ಕೆಳಗಿನ ಕೋಣೆಯಲ್ಲಿ ಇನ್ನೊಂದು ಕುಟುಂಬವಿತ್ತು. ತಾತಿಕ್ ಅವರ ದೂರದ ನೆಂಟರು, ಸ್ತೆಪಾನಕೆರ್ತ್ ನಗರದವರು. ನಾಗೋರ್ನೊ ಕಾರಾಬಾಖ್ ಪ್ರದೇಶಕ್ಕೆ ಹೋಗುವ ಏಕೈಕ ದಾರಿ 2022ರ ಡಿಸೆಂಬರಿನಲ್ಲಿ ಬಂದಾಯಿತು; 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನಿನ ಸೇನೆ ಆಕ್ರಮಿಸಿದ ಮೇಲೆ, ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯರು ಮನೆಮಾರು ಬಿಟ್ಟು ಹೊರಟುಬಂದರು. ಆ ಕಲಹದ ಇತಿಹಾಸ ದೀರ್ಘವಾದುದು. ಅದು ಇಲ್ಲಿ ನಮ್ಮ ವಿಷಯವಲ್ಲ. ಆ ಮನೆಯ ಹೆಂಗಸು ಊಟದ ಹೊತ್ತಿನಲ್ಲಿ ಮಾತೇ ಆಡಿರಲಿಲ್ಲ. ಸಂಜೆ ಪಡಸಾಲೆಯಲ್ಲಿ ಕುಳಿತು, ತಿರುಳು ತೋಡಿದ ಬದನೆಕಾಯಿಗಳನ್ನು ದಬ್ಬಣದಿಂದ ದಾರಕ್ಕೆ ಪೋಣಿಸುತ್ತಿದ್ದರು. ನಾವು ಪಕ್ಕದಲ್ಲಿ ಕುಳಿತು ಒಂದು ದಬ್ಬಣ ತೆಗೆದುಕೊಂಡೆವು. “ಕುಯ್ರಿಕ್, ತೊಟ್ಟಿನ ಹತ್ತಿರ ಚುಚ್ಚಿ” ಎಂದರು. ಕುಯ್ರಿಕ್ ಎಂದರೆ ಅಕ್ಕ.

ಆಮೇಲೆ ತಾವಾಗಿಯೇ ಹೇಳತೊಡಗಿದರು. ಆ ವರ್ಷದ ಬೇಸಿಗೆಯಲ್ಲಿ ಊರಲ್ಲಿ ಸಕ್ಕರೆಯಿಲ್ಲ, ಎಣ್ಣೆಯಿಲ್ಲ. ಭರಣಿ ತುಂಬುವ ಮಾತೇ ಇರಲಿಲ್ಲ. ಹಿತ್ತಲಲ್ಲಿ ಬದನೆ ಮಾತ್ರ ಚೆನ್ನಾಗಿ ಬಂದಿತ್ತು. ಎಲ್ಲವನ್ನೂ ಹೀಗೆಯೇ ಪೋಣಿಸಿ ಜಗಲಿಯ ತೊಲೆಗೆ ತೂಗಹಾಕಿದ್ದರು. ಹೊರಡುವಾಗ ಕಾರಿನಲ್ಲಿ ಏಳು ಜನ. ಅತ್ತೆಯವರ ಔಷಧ, ಕಾಗದಪತ್ರ, ಮಕ್ಕಳ ಕಂಬಳಿ. ಒಂಬತ್ತು ಸರ ಅಲ್ಲಿಯೇ ಉಳಿದವು. ಇನ್ನೂ ಪೂರ್ತಿ ಒಣಗಿರಲಿಲ್ಲ ಎಂದರು.

ನಾವು ಹೊರಡುವ ದಿನ ಆಕೆ ಒಂದು ಸರವನ್ನು ಕಾಗದದಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, ಬಳಸುವ ಬಗೆಯನ್ನು ಎರಡು ಸಲ ಹೇಳಿಸಿ ಒಪ್ಪಿಸಿಕೊಂಡರು. ಕುದಿಯುವ ನೀರಿನಲ್ಲಿ ಹಾಕಿ ಮೆತ್ತಗಾಗುವವರೆಗೆ ಬಿಡಬೇಕು. ಮೊದಲ ನೀರು ಕಹಿ, ಅದನ್ನು ಚೆಲ್ಲಬೇಕು. ಎರಡನೆಯ ನೀರಿಗೆ ಉಪ್ಪು ಹಾಕಬೇಕು. ವ್ರತದವರಿಗೆ ಹೂರಣ ಗೋಧಿನುಚ್ಚು, ಕಡಲೆ, ಬೇಯಿಸಿದ ಚನ್ನಂಗಿ ಬೇಳೆ, ಬಾಡಿಸಿದ ಈರುಳ್ಳಿ. ಒತ್ತಿ ತುಂಬಬಾರದು, ಒಣಗಿದ ಸಿಪ್ಪೆ ಬೇಗ ಒಡೆಯುತ್ತದೆ.