ಕುಂಬಳಕಾಯಿಯ ಹೊಟ್ಟೆಯೊಳಗೊಂದು ದೀಪ

ಹನ್ನೆರಡು ವರ್ಷಗಳ ಕಾಲ ನಮ್ಮ ಮನೆಯಲ್ಲಿ ಕುಂಬಳಕಾಯಿಯ ಮಾತು ಬಂದರೆ ಸಾಕು, ನಾನೂ ನನ್ನಾಕೆಯೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಂತೆ ಇಬ್ಬರೂ ಒಳಗೊಳಗೇ ಹೆಗಲು ಮುಟ್ಟಿಕೊಳ್ಳುತ್ತಿದ್ದೆವು. ಅಂಥ ನಮ್ಮಿಬ್ಬರನ್ನು ಮಗಳು, ಅಳಿಯ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಸಾವಿರಾರು ಕುಂಬಳಕಾಯಿಗಳ ನಡುವೆ!

ಅದು 2023ರ ಅಕ್ಟೋಬರ್. ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಆಯುಧಪೂಜೆಗೆ ಇನ್ನೆರಡು ದಿನವಿದೆ ಎನ್ನುವಾಗ, ಒಂದು ಶನಿವಾರ, ಅಳಿಯಂದಿರು "ಮಾವ, ಇವತ್ತು ಡಾಲಿವುಡ್‌ಗೆ ಹೋಗೋಣ, ರಾತ್ರಿ ಅಲ್ಲಿ ಕುಂಬಳಕಾಯಿ ದೀಪ ನೋಡಬೇಕು" ಎಂದರು. ಬಾಲಿವುಡ್, ಹಾಲಿವುಡ್ ಕೇಳಿದ್ದ ನನಗೆ ಇದು ಯಾವ ಸಿನಿಮಾದವರ ಊರೋ ಎನಿಸಿತು. ಅದು ಸಿನಿಮಾದವರದಲ್ಲ, ಹಾಡುಗಾರ್ತಿಯೊಬ್ಬರದು. ನಾಕ್ಸ್‌ವಿಲ್‌ನಿಂದ ಸುಮಾರು ಒಂದು ಗಂಟೆಯ ಹಾದಿ. ಗ್ರೇಟ್ ಸ್ಮೋಕಿ ಬೆಟ್ಟಗಳ ತಪ್ಪಲಿನ ಪಿಜನ್ ಫೋರ್ಜ್ ಎಂಬ ಪುಟ್ಟ ಊರಿನಲ್ಲಿ ಈ ಮನೋರಂಜನಾ ಉದ್ಯಾನವಿದೆ. 1946ರಲ್ಲಿ ಇದೇ ಸೀಮೆಯ ಬಡ ರೈತಕುಟುಂಬದ ಹನ್ನೆರಡು ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದ ಡಾಲಿ ಪಾರ್ಟನ್ ಮುಂದೆ ದೊಡ್ಡ ಗಾಯಕಿಯಾದರು. ಮೊದಲಿನಿಂದ ಇಲ್ಲಿದ್ದ ಉದ್ಯಾನದಲ್ಲಿ ಪಾಲುದಾರರಾಗಿ 1986ರಲ್ಲಿ ಅದಕ್ಕೆ ತಮ್ಮ ಹೆಸರಿಟ್ಟರು.

ನಾವು ಮಧ್ಯಾಹ್ನವೇ ತಲಪಿದೆವು. ಬೆಟ್ಟಗಳ ಮೇಲೆ ಹೊಗೆಯಂತೆ ನೀಲಿ ಮಂಜು ಕವಿದಿತ್ತು. ಸ್ಮೋಕಿ ಎಂಬ ಹೆಸರು ಬಂದದ್ದೇ ಅದರಿಂದ. ಅದು ನಿಜವಾದ ಹೊಗೆಯಲ್ಲ. ಕಾಡಿನ ಮರಗಿಡಗಳು ಹೊರಬಿಡುವ ಆವಿಗಳಿಂದ ಗಾಳಿಯಲ್ಲಿ ಅತಿ ಸೂಕ್ಷ್ಮ ಕಣಗಳು ಉಂಟಾಗಿ ಬೆಳಕನ್ನು ಚದುರಿಸುತ್ತವೆ. ಇಳಿಜಾರುಗಳಲ್ಲಿ ಎಲೆಗಳು ಹಳದಿ, ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗಿದ್ದವು. ಚಳಿ ಹತ್ತಿರವಾದಂತೆ ಎಲೆಯ ಪತ್ರಹರಿತ್ತು ಕರಗುತ್ತದೆ. ಅದರ ಮರೆಯಲ್ಲಿ ಅಡಗಿದ್ದ ಕ್ಯಾರೊಟಿನ್ ಬಗೆಯ ಹಳದಿ ಬಣ್ಣಗಳು ಆಗ ಹೊರಗೆ ಕಾಣಿಸುತ್ತವೆ. ಕುಂಬಳಕಾಯಿಯ ತಿರುಳಿಗೆ ಬಣ್ಣ ಕೊಡುವುದೂ ಇದೇ ಬಳಗ. ಆ ದಿನ ಬೆಟ್ಟಕ್ಕೂ ಕುಂಬಳಕಾಯಿಗೂ ಒಂದೇ ಡಬ್ಬಿಯ ಬಣ್ಣ ಬಳಿದಂತಿತ್ತು.

ಆರು ವರ್ಷದ ಮೊಮ್ಮಗಳು ನನ್ನ ಬೆರಳು ಹಿಡಿದು ಎಲ್ಲ ಕಡೆ ಎಳೆದಾಡಿದಳು. ಕಲ್ಲಿದ್ದಲು ತುಂಬಿದ ನಿಜವಾದ ಉಗಿಬಂಡಿಯಲ್ಲಿ ಬೆಟ್ಟದ ಸುತ್ತ ಐದು ಮೈಲಿ ಸುತ್ತಿ ಬಂದೆವು. ಕಣ್ಣಿಗೆ ಕಿಡಿ ಬಿದ್ದಾಗ ನನಗೆ ಬಾಲ್ಯದ ಅರಸೀಕೆರೆ ಜಂಕ್ಷನ್ ನೆನಪಾಯಿತು. ಹಿಟ್ಟಿನ ಗಿರಣಿಯೊಂದರಲ್ಲಿ ಬಿಸಿಬಿಸಿಯಾಗಿ ಮಾಡಿಕೊಡುವ ದಾಲ್ಚಿನ್ನಿ ಬ್ರೆಡ್ಡಿಗೆ ಮದುವೆಮನೆಯ ಪಂಕ್ತಿಯಷ್ಟು ಉದ್ದದ ಸಾಲು. ಡಾಲಿಯವರು ಬೆಳೆದ ಪುಟ್ಟ ಮರದ ಮನೆಯ ಪಡಿಯಚ್ಚನ್ನೂ ಅಲ್ಲಿ ಕಟ್ಟಿದ್ದಾರೆ. ನನ್ನಾಕೆ ಅದರ ಗೋಡೆಗೆ ಅಂಟಿಸಿದ್ದ ಹಳೆಯ ಪತ್ರಿಕೆಯ ಹಾಳೆಗಳನ್ನು ನೋಡುತ್ತ ಬಹಳ ಹೊತ್ತು ನಿಂತಳು. ಆ ಹೆಣ್ಣುಮಗಳ ಹೆರಿಗೆ ಮಾಡಿಸಿದ ವೈದ್ಯರಿಗೆ ಫೀಸಿನ ಬದಲು ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟರಂತೆ. ಓದುಬರಹ ಬಾರದ ತಂದೆಯಿಂದ ಪ್ರೇರಣೆ ಪಡೆದು ಆಕೆ 1995ರಲ್ಲಿ ಆರಂಭಿಸಿದ ಯೋಜನೆಯೊಂದು ಪುಟ್ಟ ಮಕ್ಕಳ ಮನೆಗೆ ತಿಂಗಳಿಗೊಂದು ಪುಸ್ತಕ ಕಳಿಸುತ್ತ ಇದುವರೆಗೆ 20 ಕೋಟಿಗೂ ಹೆಚ್ಚು ಪುಸ್ತಕ ಹಂಚಿದೆ. ಮೇಷ್ಟರ ಕಣ್ಣಿಗೆ ಅಲ್ಲಿನ ಎಲ್ಲ ತೊಟ್ಟಿಲು, ಜಾರುಬಂಡಿಗಳಿಗಿಂತ ಇದೇ ದೊಡ್ಡದಾಗಿ ಕಂಡಿತು.

ಕತ್ತಲಾಗುವುದನ್ನು ಕಾಯುತ್ತ ಒಂದು ಬೆಂಚಿನ ಮೇಲೆ ಕುಳಿತೆವು. ನಮ್ಮ ಕುಂಬಳಕಾಯಿ ಜಗಳದ ಕತೆಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರ ಬಗ್ಗೆ ಓದಿ ಬೆಳೆದವನು ನಾನು. ದೃಷ್ಟಿ, ನಿವಾಳಿ ಇವೆಲ್ಲ ನಮ್ಮ ಮನೆಯ ಹೊಸ್ತಿಲು ದಾಟಬಾರದೆಂದು ಕಟ್ಟುನಿಟ್ಟು ಮಾಡಿದ್ದೆ. 2011ರಲ್ಲಿ ಮಗ ಇಂಜಿನಿಯರಿಂಗ್ ಓದುತ್ತಿದ್ದಾಗ ಬೈಕ್ ಕೊಡಿಸಿದೆ. ಆಯುಧಪೂಜೆಯ ದಿನ ನನ್ನಾಕೆ ಬೂದುಗುಂಬಳ ತಂದಿಟ್ಟಿದ್ದಳು. "ಹೂವು ಹಾಕು, ಕುಂಕುಮ ಹಚ್ಚು, ಕಾಯಿ ಒಡೆಯುವುದು ಬೇಡ. ತಿನ್ನೋ ಪದಾರ್ಥ ಬೀದಿಪಾಲು ಮಾಡಬೇಡ" ಎಂದೆ. ಅವಳು ಸುಮ್ಮನಾದಳು. ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ, ನಮ್ಮೂರ ಸರ್ಕಲ್ಲಿನಲ್ಲಿ ಯಾರೋ ಒಡೆದು ಬಿಟ್ಟುಹೋಗಿದ್ದ ಬೂದುಗುಂಬಳದ ಮೇಲೆ ಚಕ್ರ ಜಾರಿ ಮಗ ಬಿದ್ದ. ಕಾಲಿನ ಮೂಳೆ ಮುರಿಯಿತು. ಮೂರು ತಿಂಗಳು ಹಾಸಿಗೆ, ಪರೀಕ್ಷೆಯೂ ತಪ್ಪಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳು ಅಳುತ್ತ, "ಒಂದು ಕುಂಬಳಕಾಯಿ ಒಡೆದಿದ್ರೆ ಹೀಗಾಗ್ತಿತ್ತೇನ್ರೀ?" ಎಂದಳು.

"ಒಡೆದಿದ್ದಕ್ಕೇ ಕಣೇ ಹೀಗಾಗಿದ್ದು!" ಎಂದು ನಾನು ಗುಡುಗಿದೆ. ಅಷ್ಟಕ್ಕೇ ಬಿಡಲಿಲ್ಲ. ಬೂದುಗುಂಬಳದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಇರುವುದು, ಲೋಳೆ ತಿರುಳು ಟೈರಿಗೂ ಡಾಂಬರಿಗೂ ನಡುವೆ ಸೇರಿ ಘರ್ಷಣೆ ತಗ್ಗುವುದು ಎಲ್ಲವನ್ನೂ ವಿವರಿಸಿದೆ. ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಕುಂಬಳಕಾಯಿ ಹುಳಿ ಕೂಡ ನಿಂತುಹೋಯಿತು.

ಏಳು ಗಂಟೆಯ ಸುಮಾರಿಗೆ ಬೆಟ್ಟದ ಹಿಂದೆ ಬೆಳಕು ಇಳಿಯಿತು. ಇಲ್ಲಿನ ಸುಗ್ಗಿಹಬ್ಬದ ಅಂಗವಾಗಿ 2017ರಿಂದ ಹೀಗೆ ಕುಂಬಳಕಾಯಿಗಳಿಗೆ ದೀಪ ಹಚ್ಚುತ್ತಿದ್ದಾರೆ. ದಾರಿಯ ಎರಡೂ ಬದಿ, ಮರದ ಕೊಂಬೆಗಳಲ್ಲಿ, ತಲೆಯ ಮೇಲಿನ ಕಮಾನುಗಳಲ್ಲಿ ಕೆತ್ತಿದ ಕುಂಬಳಕಾಯಿಗಳು ಒಟ್ಟಿಗೇ ಹೊತ್ತಿಕೊಂಡವು. ಹೂವು, ನಕ್ಷತ್ರ, ಗೂಬೆ, ನಗುವ ಮುಖ, ಹಲ್ಲು ಕಿರಿಯುವ ಮುಖ. ಜನರ ಮುಖಗಳೆಲ್ಲ ಅರಿಸಿನ ಹಚ್ಚಿಕೊಂಡಂತೆ ಹೊಳೆಯುತ್ತಿದ್ದವು. ಈ ಕಾಲದಲ್ಲಿ ಅಮೆರಿಕದ ಇತರ ಕೆಲವು ಉದ್ಯಾನಗಳಲ್ಲಿ ರಕ್ತ ಬಳಿದುಕೊಂಡ ಭೂತಗಳು ಮೈಮೇಲೆ ಹಾರುತ್ತವಂತೆ. ಇಲ್ಲಿ ಹಾಗಿಲ್ಲ. ತೊಟ್ಟಿಲ ಕೂಸಿನಿಂದ ಹಿಡಿದು ಗಾಲಿಕುರ್ಚಿಯ ಅಜ್ಜನವರೆಗೆ ಎಲ್ಲರೂ ನಮ್ಮ ಊರಹಬ್ಬದ ತೇರು ನೋಡುವವರಂತೆ ಮೆಲ್ಲನೆ ನಡೆಯುತ್ತಿದ್ದರು.

ಹತ್ತಿರ ಹೋಗಿ ಒಂದನ್ನು ಬೆರಳಲ್ಲಿ ತಟ್ಟಿದೆ. ಟೊಳ್ಳು ಸದ್ದು. ಕೆತ್ತಿದ ನಿಜವಾದ ಕಾಯಿ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ಕುಸಿಯುವುದರಿಂದ, ತಿಂಗಳುಗಟ್ಟಲೆ ನಡೆಯುವ ಇಂಥ ಪ್ರದರ್ಶನಗಳಿಗೆ ಹಗುರವಾದ ಕೃತಕ ಕಾಯಿಗಳನ್ನು ಬಳಸುತ್ತಾರೆ. ನನ್ನಾಕೆಯ ಮುಖ ಸಪ್ಪೆಯಾಯಿತು. "ಹಾಗಾದ್ರೆ ಒಳಗೆ ಬೀಜವೂ ಇಲ್ವಾ?" ಎಂದಳು.

ಮುಂದೆ ಒಂದು ತಿರುವಿನಲ್ಲಿ ದಾರಿ ಕೊಂಚ ಕತ್ತಲಾಗಿತ್ತು. ಅಲ್ಲೊಂದು ದೊಡ್ಡ ಮುಖ ಹುಬ್ಬು ಗಂಟಿಕ್ಕಿ, ಗರಗಸದಂಥ ಹಲ್ಲು ತೋರಿಸುತ್ತಿತ್ತು. ಮೊಮ್ಮಗಳು ಕಿಟಾರನೆ ಕಿರುಚಿ ಅಜ್ಜಿಯ ಸೆರಗಿನೊಳಗೆ ನುಗ್ಗಿದಳು. ನಾನು ಬಗ್ಗಿ, "ಹೆದರಬೇಡ ಪುಟ್ಟಿ, ಒಳಗೆ ಇರೋದು ಬರೀ ಬಲ್ಬು" ಎಂದೆ. ಅವಳು ಇನ್ನೂ ಗಟ್ಟಿಯಾಗಿ ಅಳತೊಡಗಿದಳು. ನಾನು ಹೇಳಿದ್ದು ಅಂದೂ ಸರಿ, ಇಂದೂ ಸರಿ. ಅಂದೂ ಕೆಲಸಕ್ಕೆ ಬರಲಿಲ್ಲ, ಇಂದೂ ಬರಲಿಲ್ಲ.

ಅಜ್ಜಿ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು. "ನಮ್ಮೂರಲ್ಲಿ ಮನೆ ಕಟ್ಟೋವಾಗ ಮುಂದೆ ಮೀಸೆ ಬರೆದ ಕುಂಬಳಕಾಯಿ ಕಟ್ಟಿರ್ತಾರಲ್ಲ, ಹೋದ ಸಲ ಬಂದಾಗ ನೋಡಿ ನಕ್ಕಿದ್ಯಲ್ಲ? ಇದು ಅದರ ತಮ್ಮ ಕಣೇ. ಇದು ನಿನ್ನನ್ನ ಹೆದರಿಸೋಕಲ್ಲ. ನಿನ್ನನ್ನ ಹೆದರಿಸೋಕೆ ಯಾರಾದ್ರೂ ಬಂದ್ರೆ ಅವರನ್ನ ಓಡಿಸೋಕೆ ಇಲ್ಲಿ ಕಾವಲು ಕೂತಿದೆ."

ಮಗು ಸೆರಗಿನಿಂದ ಒಂದು ಕಣ್ಣು ಹೊರಹಾಕಿತು. ಆಮೇಲೆ ಎರಡೂ ಕಣ್ಣು. ಆಮೇಲೆ ಅಜ್ಜಿಯ ಕೈ ಹಿಡಿದು ಆ ಮುಖದ ಹತ್ತಿರ ಹೋಗಿ, ಹಿಂದಕ್ಕೆ ಸುತ್ತಿ ಇಣುಕಿ, "ತಾತಾ, ನಿಜವಾಗ್ಲೂ ಬಲ್ಬೇ ಇದೆ!" ಎಂದು ಕೂಗಿತು.

ನಾನು ಬೆರಗಾಗಿ ನಿಂತೆ. ನನ್ನಾಕೆ ಹೇಳಿದ್ದು ಬರಿಯ ಸಮಾಧಾನದ ಮಾತಲ್ಲ, ಅದು ಚರಿತ್ರೆಯೂ ಹೌದು. ಐರ್ಲೆಂಡಿನ ಜನ ಅಕ್ಟೋಬರ್ 31ರ ರಾತ್ರಿ ಸತ್ತವರ ಆತ್ಮಗಳು ಅಲೆಯುತ್ತವೆಂದು ನಂಬಿ, ಟರ್ನಿಪ್ ಗೆಡ್ಡೆಯನ್ನು ಕೊರೆದು ವಿಕಾರ ಮುಖ ಕೆತ್ತಿ ಒಳಗೆ ಬೆಳಕಿಟ್ಟು ಬಾಗಿಲಲ್ಲಿ ಇಡುತ್ತಿದ್ದರು. ಸೈತಾನನಿಗೇ ಮೋಸ ಮಾಡಿ, ಸ್ವರ್ಗಕ್ಕೂ ನರಕಕ್ಕೂ ಸಲ್ಲದೆ, ಗೆಡ್ಡೆಯಲ್ಲಿ ಕೆಂಡ ಹಿಡಿದು ಅಲೆಯುವ ಜಾಕ್ ಎಂಬವನ ಕತೆಯೂ ಅಲ್ಲಿಯದೇ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಂದಾಗ ಲಕ್ಷಾಂತರ ಐರಿಷ್ ಜನ ಅಮೆರಿಕಕ್ಕೆ ಬಂದರು. ಇಲ್ಲಿ ಗೆಡ್ಡೆಗಿಂತ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು.

ಆ ಕುಂಬಳವೋ ಈ ನೆಲದ್ದೇ. ಮೆಕ್ಸಿಕೋದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆಯೇ ಜನ ಅದನ್ನು ಬೆಳೆಯುತ್ತಿದ್ದರು. ಈ ಬೆಟ್ಟಗಳ ಮೂಲನಿವಾಸಿಗಳಾದ ಚೆರೋಕೀ ಜನ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಯುತ್ತಿದ್ದರು. ಜೋಳದ ದಂಟಿಗೆ ಬಳ್ಳಿ ಹಬ್ಬುತ್ತದೆ, ಹುರುಳಿಯ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಕುಂಬಳದ ಅಗಲ ಎಲೆ ನೆಲದ ತೇವ ಕಾಯುತ್ತದೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ನೆಂಟರೇ ಇವರು. ಆ ಜನರಲ್ಲಿ ಬಹುಪಾಲು ಮಂದಿಯನ್ನು 1838ರಲ್ಲಿ ಸೈನ್ಯ ಬಲವಂತದಿಂದ ಪಶ್ಚಿಮಕ್ಕೆ ಅಟ್ಟಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಅವರ ಬೆಳೆ ಮಾತ್ರ ಉಳಿದು ಎಲ್ಲರ ಹಬ್ಬವಾಯಿತು.

ನಮ್ಮ ಸಿಹಿಗುಂಬಳವೂ ಅಮೆರಿಕ ಖಂಡದಿಂದ ಯುರೋಪಿನವರ ಹಡಗು ಹತ್ತಿ ಬಂದದ್ದೇ. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಮಾತ್ರ ಏಷ್ಯಾದ್ದು, ಬೇರೆಯೇ ಗಿಡ. ಗಿಡ ಬೇರೆಯಾದರೂ ಮನುಷ್ಯರ ಅಂಜಿಕೆ ಒಂದೇ. ನಾವು ಕುಂಬಳದ ತಲೆಯ ಮೇಲೆ ಕರ್ಪೂರ ಹಚ್ಚುತ್ತೇವೆ, ಅವರು ಹೊಟ್ಟೆಯೊಳಗೆ ದೀಪ ಇಡುತ್ತಾರೆ. ಆಕಾರವಿಲ್ಲದ ಭಯಕ್ಕೆ ಒಂದು ಮುಖ ಬರೆದುಕೊಂಡರೆ ಅದರ ಮುಂದೆ ನಿಲ್ಲುವ ಧೈರ್ಯ ಬರುತ್ತದೆ. ನಿಂತ ಮೇಲೆ ತಾನೇ ಹಿಂದೆ ಹೋಗಿ ಬಲ್ಬು ನೋಡುವುದು? ಮೂವತ್ತು ವರ್ಷ ನಾನು ಮಕ್ಕಳಿಗೆ ಬಲ್ಬು ತೋರಿಸುತ್ತ ಬಂದೆ. ಹತ್ತಿರ ಕರೆದೊಯ್ಯುವ ಕೈ ಬೇಕೆಂಬುದನ್ನು ಮರೆತಿದ್ದೆ. ದೃಷ್ಟಿ ತಾಗುತ್ತದೆಂದು ನಾನು ಈಗಲೂ ನಂಬುವುದಿಲ್ಲ. ಆದರೆ ಅಂದು ಆಸ್ಪತ್ರೆಯಲ್ಲಿ ಅವಳು ಕೇಳಿದ್ದು ಘರ್ಷಣೆಯ ಪಾಠವನ್ನಲ್ಲ ಎಂಬುದು ಹನ್ನೆರಡು ವರ್ಷ ತಡವಾಗಿ ಹೊಳೆಯಿತು.

ವಾಪಸು ಕಾರಿನತ್ತ ನಡೆಯುವಾಗ ಮಕ್ಕಳು ಮುಂದಿದ್ದರು. "ಅವತ್ತು ಆಸ್ಪತ್ರೇಲಿ ನಾನು ಹಾಗೆ ಕೂಗಬಾರದಿತ್ತು" ಎಂದೆ.

ಅವಳು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ರಸ್ತೇಲಿ ಒಡೀಬಾರದು ಅಂದಿದ್ದು ಸರೀನೇ. ನನ್ನ ಮಗನೇ ಬಿದ್ನಲ್ಲ, ನಂಗೊತ್ತಿಲ್ವಾ? ಮನೇಲೂ ಬೇಡ ಅಂದ್ರಲ್ಲ, ಅದು ತಪ್ಪು" ಎಂದಳು. ತೀರ್ಪು ಅಷ್ಟೇ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮಾರನೆಯ ದಿನ ರೈತರ ಅಂಗಡಿಯೊಂದರಿಂದ ನಿಜವಾದ ಕುಂಬಳಕಾಯಿ ತಂದೆವು. ಕಣ್ಣು, ಮೂಗು ಬರೆದವಳು ಮೊಮ್ಮಗಳು, ಕೊರೆದವನು ನಾನು. ತಿರುಳು ಪಲ್ಯವಾಯಿತು, ಬೀಜ ಹುರಿದು ತಿಂದೆವು. ಆಯುಧಪೂಜೆಯ ಸಂಜೆ ಅದರೊಳಗೆ ಹಣತೆ ಇಟ್ಟು, ಹಣೆಗೆ ಕುಂಕುಮ ಹಚ್ಚಿ, ಅಳಿಯಂದಿರ ಕಾರಿನ ಮುಂದೆ ನನ್ನಾಕೆ ಇಳಿಸಿದಳು. ಪಕ್ಕದ ಮನೆಯ ಅಮೆರಿಕದ ಅಜ್ಜಿ ಬಂದು ನೋಡಿ, ಕುಂಕುಮವಿಟ್ಟ ಜಾಕ್ ಬಹಳ ಚೆನ್ನಾಗಿದ್ದಾನೆ ಎಂದರು. ವಾರ ಕಳೆಯುವುದರೊಳಗೆ ಬೂಷ್ಟು ಬಂತು. ಹಿತ್ತಿಲಲ್ಲಿ ಗುಂಡಿ ತೋಡಿ ಹೂತೆವು.

2024ರ ಆಯುಧಪೂಜೆಗೆ ನಮ್ಮೂರ ಮನೆಯಲ್ಲಿ ಹದಿಮೂರು ವರ್ಷಗಳ ನಂತರ ಬೂದುಗುಂಬಳ ಒಡೆಯಿತು. ಬೀದಿಯಲ್ಲಲ್ಲ, ಕಾಂಪೌಂಡಿನೊಳಗೆ, ತೆಂಗಿನ ಮರದ ಬುಡದಲ್ಲಿ. ಒಡೆದವನು ರಜೆಗೆ ಬಂದಿದ್ದ ಮಗ. ಆಮೇಲೆ ಪೊರಕೆ ಹಿಡಿದು ಸರ್ಕಲ್ಲಿಗೆ ಹೋಗಿ, ಯಾರ್ಯಾರೋ ಒಡೆದದ್ದನ್ನೂ ಗುಡಿಸಿ ಪಕ್ಕಕ್ಕೆ ಹಾಕಿ ಬಂದವನು ನಾನು. ಮೊರ ಹಿಡಿದು ಜೊತೆಗೆ ಬಂದವಳು ನನ್ನಾಕೆ.