ಮೌನವೇ ಶಿಕ್ಷೆಯಾಗಿದ್ದ ಜೈಲು

ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದವರು ‘ರಾಕಿ’ ಸಿನಿಮಾದ ಮೆಟ್ಟಿಲು ಹತ್ತಿ ಫೋಟೊ ತೆಗೆಸಿಕೊಂಡು ವಾಪಸ್ ಬರ್ತಾರೆ. ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಅನ್ನೋ ಹಳೇ ಜೈಲಿದೆ. ಹೊರಗಿನಿಂದ ಥೇಟ್ ಕೋಟೆ. ನೋಡಿದವರಿಗೆ ಭಯ ಆಗಲಿ ಅಂತಲೇ ಹಾಗೆ ಕಟ್ಟಿದ್ದು. 1829ರಲ್ಲಿ ಶುರುವಾಗಿ 1971ರಲ್ಲಿ ಮುಚ್ಚಿದ ಈ ಜೈಲು ಈಗ ಮ್ಯೂಸಿಯಂ.

ಅದಕ್ಕೂ ಮುಂಚೆ ಶಿಕ್ಷೆ ಅಂದರೆ ಹೆಚ್ಚಾಗಿ ಮೈಗೆ ಕೊಡುವ ನೋವು. ಜನರ ಎದುರೇ ಛಡಿಯೇಟು, ಗಲ್ಲು. ಜೈಲಿನಲ್ಲೋ ಗಂಡಸರು, ಹೆಂಗಸರು, ಮಕ್ಕಳು, ಕಳ್ಳರು, ಕೊಲೆಗಾರರು ಎಲ್ಲರೂ ಒಟ್ಟಿಗೆ. ಇದನ್ನು ಬದಲಾಯಿಸಬೇಕು ಅಂತ ಫಿಲಡೆಲ್ಫಿಯಾದ ಕೆಲವರು 1787ರಲ್ಲಿ ಸಂಘ ಕಟ್ಟಿದರು. ಅವರಲ್ಲಿ ಕ್ವೇಕರ್ ಪಂಥದವರೂ ಇದ್ದರು. ಮನುಷ್ಯನನ್ನು ಒಂಟಿಯಾಗಿ ಬಿಟ್ಟರೆ ಪಶ್ಚಾತ್ತಾಪ ತಾನಾಗೇ ಹುಟ್ಟುತ್ತೆ ಅನ್ನೋದು ಅವರ ನಂಬಿಕೆ. ಪೆನಿಟೆನ್ಷಿಯರಿ ಪದದ ಮೂಲ ಅರ್ಥವೂ ಅದೇ, ಪಶ್ಚಾತ್ತಾಪದ ಜಾಗ.

ವಾಸ್ತುಶಿಲ್ಪಿ ಜಾನ್ ಹ್ಯಾವಿಲ್ಯಾಂಡ್. ನಡುವೆ ಕಾವಲಿನ ಜಾಗ, ಅಲ್ಲಿಂದ ಗಾಡಿ ಚಕ್ರದ ಅರಗಳಂತೆ ಏಳು ಸಾಲು ಕೋಣೆಗಳು. ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಳೇ ಸೆಂಟ್ರಲ್ ಜೈಲಿನ ಕಾವಲು ಗೋಪುರ ನೋಡಿದ್ದರೆ ನಿಮಗೆ ಅಂದಾಜು ಸಿಗುತ್ತೆ. ಪ್ರತಿ ಕೋಣೆಯ ಸೂರಿನಲ್ಲೂ ಒಂದು ಬೆಳಕಿಂಡಿ, ಒಳಗೇ ಟಾಯ್ಲೆಟ್, ನಲ್ಲಿ ನೀರು. 1829ರಲ್ಲಿ ಅಧ್ಯಕ್ಷರ ಶ್ವೇತಭವನದಲ್ಲೂ ನಲ್ಲಿ ಇರಲಿಲ್ಲ! ಆದರೆ ಕೈದಿ ಯಾರ ಜೊತೆಗೂ ಮಾತಾಡುವಂತಿಲ್ಲ. ಊಟ ಕಿಂಡಿಯಿಂದ. ಹೊರಗೆ ಕರೆದೊಯ್ಯುವಾಗ ಮುಖಕ್ಕೆ ಮುಸುಕು. ಓದಲು ಬೈಬಲ್, ಮಾಡಲು ನೇಯ್ಗೆ, ಚಪ್ಪಲಿ ಹೊಲಿಗೆಯಂಥ ಕೆಲಸ. ಇಲ್ಲಿಗೆ ಬಂದ ಮೊದಲ ಕೈದಿ ವಾಚು ಕದ್ದ 18ರ ಹುಡುಗ. ಎರಡು ವರ್ಷ ಹೀಗೇ ಇರಬೇಕಿತ್ತು.

1842ರಲ್ಲಿ ಭೇಟಿ ಕೊಟ್ಟ ಲೇಖಕ ಚಾರ್ಲ್ಸ್ ಡಿಕನ್ಸ್, ಮನಸ್ಸಿಗೆ ಕೊಡುವ ಈ ಹಿಂಸೆ ಮೈಗೆ ಕೊಡುವ ಹಿಂಸೆಗಿಂತ ಘೋರ ಅಂತ ಬರೆದ. ಗಾಯ ಕಣ್ಣಿಗೆ ಕಾಣದ ಕಾರಣ ಯಾರೂ ಕೇಳುವುದಿಲ್ಲ ಅನ್ನೋದು ಅವನ ವಾದ. ಆದರೂ ಇದೇ ನಕ್ಷೆ ಬೇರೆ ದೇಶಗಳಿಗೂ ಹೋಯಿತು. ಕೈದಿಗಳು ಹೆಚ್ಚಾಗಿ ಒಂದೇ ಕೋಣೆಗೆ ಇಬ್ಬರು ಮೂವರನ್ನು ಹಾಕಬೇಕಾಯಿತು. ಕೊನೆಗೆ 1913ರಲ್ಲಿ ಏಕಾಂತದ ಪದ್ಧತಿಯನ್ನು ಅಧಿಕೃತವಾಗಿ ಕೈಬಿಟ್ಟರು.

ಇದನ್ನು ಕಟ್ಟಿದವರು ಕ್ರೂರಿಗಳಲ್ಲ. ಛಡಿಯೇಟಿಗಿಂತ ಇದು ದಯೆ ಅಂತ ನಿಜವಾಗಿ ನಂಬಿದ್ದರು. ಸಾಫ್ಟ್‌ವೇರ್‌ನವನಾದ ನನಗೆ ಅನ್ನಿಸಿದ್ದು ಇಷ್ಟೇ: ನಕ್ಷೆಯಲ್ಲಿ ನೀರು, ಬೆಳಕು, ಗಾಳಿ ಎಲ್ಲದರ ಲೆಕ್ಕ ಇತ್ತು, ಒಳಗಿರುವವನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಂಗಳದಲ್ಲಿ ಉಕ್ಕಿನ ದೊಡ್ಡ ಗ್ರಾಫ್ ಒಂದಿದೆ. 1970ರ ದಶಕದ ನಂತರ ಅಮೆರಿಕದ ಕೈದಿಗಳ ಪ್ರಮಾಣ ಎಷ್ಟು ಏರಿತು ಅಂತ ತಲೆಯೆತ್ತಿ ನೋಡಬೇಕು. ಶಿಕ್ಷೆ ಯಾತಕ್ಕೆ, ತಿದ್ದೋಕಾ, ದೂರ ಇಡೋಕಾ, ಸೇಡಿಗಾ? ಅಲ್ಲಿ ನಿಂತಾಗ ಈ ಪ್ರಶ್ನೆ ಬಂದೇ ಬರುತ್ತೆ. ಎರಡು ಗಂಟೆ ಬಿಡುವು ಮಾಡಿಕೊಂಡು ಹೋಗಿ.