ಸೀತನಿ ಆರುವ ಮೊದಲು

ಗಬ್ಬೂರಿನ ಕಡೆ ಸೀತನಿ ಕಾಲವೆಂದರೆ ಎಳ್ಳ ಅಮಾವಾಸ್ಯೆಯ ಆಸುಪಾಸು. ಹಿಂಗಾರಿಗೆ ಬಿತ್ತಿದ ಬಿಳಿಜೋಳ, ಎರೆನೆಲದಲ್ಲಿ ಉಳಿದ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಬೆಳೆದು ತೆನೆಗೆ ಹಾಲು ತುಂಬಿಕೊಂಡಿರುತ್ತದೆ. ಆ ಹಾಲು ಗಟ್ಟಿಗೊಂಡು, ಕಾಳು ಇನ್ನೂ ಹಸಿರಾಗಿರುವ ಕೆಲವೇ ದಿನ ಸೀತನಿಗೆ, ಅಂದರೆ ತೆನೆ ಸುಟ್ಟು ತಿಕ್ಕಿ ತಿನ್ನುವ ಹಸಿ ಕಾಳಿಗೆ, ಹದ. ಮುಂಚೆ ಹೋದರೆ ಕೈಗೆ ಹಾಲು ಮೆತ್ತುತ್ತದೆ, ತಡವಾದರೆ ಹಲ್ಲಿಗೆ ಕೆಲಸ. ಇದರ ತಿಥಿ ಯಾವ ಪಂಚಾಂಗದಲ್ಲೂ ಇಲ್ಲ. ರಾಯಚೂರಿನಲ್ಲಿದ್ದ ನನಗೆ ಅದನ್ನು ತಿಳಿಸುತ್ತಿದ್ದವನು ನನ್ನ ದೋಸ್ತ. ಫೋನಿನಲ್ಲಿ ಒಂದೇ ಮಾತು: “ತೆನಿ ಬಂದಾವಲೇ, ಬಾ.”

ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದರೆ ಅವನು ನೇರ ಹೊಲಕ್ಕೆ ಕರೆದೊಯ್ಯುವವನಲ್ಲ. ಮೊದಲು ಮಂಡಾಳ ಒಗ್ಗರಣಿ, ಮಿರ್ಚಿ. ಆಮೇಲೆ ಮಲೆ ಶಂಕರ ಗುಡಿ. ಕಲ್ಯಾಣ ಚಾಲುಕ್ಯರ ಕಾಲದಿಂದ ಬಂದ ಗುಡಿಗಳು, ಶಾಸನದ ಕಲ್ಲುಗಳು ಈ ಊರಲ್ಲಿ ಎಷ್ಟಿವೆಯೆಂದರೆ, ಊರವರು ಬೆರಗಾಗುವುದನ್ನು ಯಾವಾಗಲೋ ಬಿಟ್ಟಿದ್ದಾರೆ. ಅದಕ್ಕೆ ನನ್ನಂಥ ಪೇಟೆಯವರೇ ಬರಬೇಕು. ನಾನು ಕಂಬದ ಕೆತ್ತನೆ ನೋಡುತ್ತಿದ್ದರೆ ಅವನು ಅದೇ ಕಂಬಕ್ಕೆ ಬೆನ್ನು ಕೊಟ್ಟು ಎಲಿ-ಅಡಿಕಿ ಹಾಕುತ್ತಿದ್ದ.

ಹೊಲದಲ್ಲಿ ಎಲ್ಲ ಅವನದೇ ಕಾರುಬಾರು. ಸಣ್ಣ ಕುಣಿ ತೋಡಿ, ಕುಳ್ಳು ಒಟ್ಟಿ ಬೆಂಕಿ ಹಚ್ಚಿದ ಮೇಲೆ ಉರಿ ಇಳಿಯುವ ತನಕ ಸುಮ್ಮನೆ ಕೂಡಬೇಕು. ನಾನು ತೆನೆ ಹಿಡಿದು ಬಾಗಿದರೆ, “ತಡಿಯಲೇ, ಉರಿಗೆ ಹಿಡದ್ರ ಮ್ಯಾಲ ಕರ್ರಗಾಗ್ತದ, ಒಳಗ ಹಸಿ. ಬೂದಿ ಮುಚ್ಚಲಿ.” ಬೂದಿ ಕವಿದ ಕೆಂಡದಲ್ಲಿ ತೆನೆ ಹುದುಗಿಸಿ, ಹೊರಳಿಸಿ, ಚಟಪಟ ಸದ್ದು ಇಳಿದ ಮೇಲೆ ತೆಗೆದು ಅಂಗೈಯಲ್ಲಿ ತಿಕ್ಕುತ್ತಿದ್ದ. ಸುಡುತ್ತದೆಂಬುದು ಆ ಅಂಗೈಗೆ ಗೊತ್ತೇ ಇರಲಿಲ್ಲ. ಒಂದೇ ಉಸಿರಿಗೆ ಸಿಪ್ಪೆ ಹಾರಿ, ಟವೆಲ್ಲಿನ ಮೇಲೆ ಬರೀ ಹಸಿರು ಕಾಳು. ಜತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಮೊದಲ ಮುಷ್ಟಿ ನನಗೆ, ಎರಡನೆಯದೂ ನನಗೇ. ಆರಿದರೆ ಸೀತನಿ ಬಿರುಸಾಗುತ್ತದೆ, ಹಾಗಾಗಿ ಒಬ್ಬ ತಿಕ್ಕಬೇಕು, ಒಬ್ಬ ತಿನ್ನಬೇಕು. ಒಬ್ಬನೇ ಕೂತು ತಿನ್ನುವ ಪದಾರ್ಥವಲ್ಲ ಅದು. ತೆನೆಯಿಂದ ತೆನೆಗೆ ನಡುವೆ ಮಾತು: ಎತ್ತಿನ ರೇಟು, ಯಾರದೋ ಲಗ್ನ, ಸಾಲಿಯೊಳಗೆ ಇಬ್ಬರೂ ತಿಂದ ಪೆಟ್ಟು. ಮಾತು ಮುಗಿದರೆ ಮುಗಿಯಿತು. ಸುಮ್ಮನಿರಲು ನನಗೆ ಬರುವುದಿಲ್ಲ. ಅವನ ಜತೆ ಮಾತ್ರ ಬರುತ್ತಿತ್ತು.

ನಾರಾಯಣಪುರ ಬಲದಂಡೆ ಕಾಲುವೆಯ ನೀರು ಈ ಸೀಮೆಗೆ ಬಂದ ಮೇಲೆ ಭತ್ತ ಬಂತು. ಹತ್ತಿ, ಮೆಣಸಿನಕಾಯಿ ಹೆಚ್ಚಾದವು. ಕೃಷ್ಣೆ-ತುಂಗಭದ್ರೆಯರ ನಡುವೆ ಕೂತೂ ಬರ ಉಂಡ ನಾಡಿಗೆ ನೀರು ಬಂದದ್ದನ್ನು ಹಳಿಯಲು ನಾನು ತಯಾರಿಲ್ಲ. ನಮ್ಮ ನೆನಪಿಗೆ ಚೆಂದವೆಂದು ರೈತ ಒಣಬೇಸಾಯದಲ್ಲೇ ಇರಲಿ ಎನ್ನುವುದು ಪೇಟೆಯವರ ಚಟ. ಆದರೆ ಜೋಳ ಬದುವಿಗೆ ಸರಿಯಿತು. ಸೀತನಿಗೆಂದೇ ಹೆಸರಾದ ಸಕ್ಕರಿ ಮುಕ್ಕರಿ ಜೋಳದ ಬೀಜ ಅವನ ಮನೆಯ ಗುಮ್ಮಿಯಿಂದಲೂ ಮಾಯವಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ್ದನ್ನು ಹೇಳಿದಾಗ ಅವನು ನಕ್ಕ: “ನಾವು ಬಿಟ್ಟಿದ್ದನ್ನ ಅವರು ಹಿಡದಾರೇನು!”

ಆದರೂ ಹತ್ತಿ ಹೊಲದ ಅಂಚಿಗೆ ಪ್ರತಿವರ್ಷ ನಾಲ್ಕು ಸಾಲು ಜೋಳ ಹಾಕುತ್ತಲೇ ಇದ್ದ. ಕೇಳಿದರೆ “ಹಕ್ಕಿಗೆ” ಎನ್ನುತ್ತಿದ್ದ. ಅವನ ಹೆಂಡತಿ ಬಿಡುತ್ತಿರಲಿಲ್ಲ: “ಹಕ್ಕಿ ರಾಯಚೂರಿಂದ ಬಸ್ ಹತ್ತಿ ಬರ್ತದ್ರಿ.”

ಕೊನೆಯ ಸಲ ಬಿತ್ತಿದ್ದು ತೆನೆ ಹಾಯುವ ಮುಂಚೆಯೇ, ಕಾರ್ತೀಕದಲ್ಲಿ, ಅವನು ಹೋದ. ಮಣ್ಣಿಗೆ ಹೋಗಿ ಬಂದೆ. ತಿಂಗಳೊಪ್ಪತ್ತಿಗೆ ಆಕೆಯ ಫೋನು. “ಅಣ್ಣಾರ, ಆ ನಾಕು ಸಾಲು ಹಂಗ ನಿಂತಾವ್ರಿ. ಏನ್ ಮಾಡಬೇಕ್ರಿ?”

ಹೋದೆ. ಒಗ್ಗರಣಿ, ಗುಡಿ ಯಾವುದೂ ಬೇಡವೆನಿಸಿ ನೇರ ಹೊಲಕ್ಕೇ ನಡೆದೆ. ಅವನ ಮಗ ಕುಣಿ ತೋಡಿ ಕುಳ್ಳು ಹಚ್ಚಿದ್ದ. ತಿಕ್ಕುವವನು ನಾನೇ ಆಗಬೇಕಾಯಿತು. ಅಂಗೈ ಸುಟ್ಟು ಎರಡು ಸಲ ತೆನೆ ಕೈಬಿಟ್ಟೆ. ಉದುರಿದ್ದರಲ್ಲಿ ಅರ್ಧ ಸಿಪ್ಪೆ. ಮೊದಲ ಮುಷ್ಟಿ ಹುಡುಗನಿಗೆ ಕೊಟ್ಟೆ. ಅಗಿದು, ಸಿಪ್ಪೆ ಉಗುಳಿ, “ಕಾಕಾ, ನಿಮಗ ತಿಕ್ಕಾಕ ಬರಂಗಿಲ್ಲೇನ್ರಿ?” ಎಂದ.

“ನಿಮ್ಮಪ್ಪ ಎಲ್ಲಿ ತಿಕ್ಕಾಕ ಬಿಟ್ಟಾನೋ ಮಾರಾಯ” ಎಂದು ಇನ್ನೊಂದು ತೆನೆ ಎಳೆದುಕೊಂಡೆ.